ಚೈನ್ ಒಂದೇ ಬೇಡ, ಸೆಟ್ ಪೂರ್ತಿ ಬದಲಿಸಿ

ಮಳೆಗಾಲದಲ್ಲಿ ಗದಗ ಸುತ್ತಲಿನ ಎರೆಹೊಲಗಳಿಗೆ ಬೈಕ್ ಒಯ್ದವರಿಗೆ ಇದು ಗೊತ್ತು. ಕರಿಮಣ್ಣು ಚೈನ್ ಕವರಿನೊಳಗೆ ಹೊಕ್ಕು ಮೆತ್ತಿಕೊಂಡರೆ ಬೇಗ ಬಿಡುವುದಿಲ್ಲ. ಎಣ್ಣೆಯ ಜೊತೆ ಕಲೆತು ಸಾಣೆಕಲ್ಲಿನ ಹಾಗೆ ಚೈನನ್ನು ತಿನ್ನುತ್ತದೆ. ಆಮೇಲೆ ಕಟಕಟ ಸದ್ದು ಶುರು. ಆಗ ದುಡ್ಡು ಉಳಿಸೋಣ ಅಂತ ಚೈನ್ ಒಂದನ್ನೇ ಹಾಕಿಸುವವರು ಬಹಳ. ಅದೇ ತಪ್ಪು.

ಚೈನ್ ಉದ್ದವಾಯ್ತು ಅನ್ನುತ್ತೇವಲ್ಲ, ಅಲ್ಲಿ ಕಬ್ಬಿಣ ಜಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು, ಅದರ ಸುತ್ತಲಿನ ಬುಶ್ ಕೂದಲೆಳೆಯಷ್ಟು ಸವೆದಿರುತ್ತವೆ. ಎಲ್ಲ ಕೊಂಡಿಗಳ ಸವೆತ ಕೂಡಿದಾಗ ಉದ್ದ ಕಾಣುತ್ತದೆ. ಅಂಥ ಚೈನ್ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಸುತ್ತುವ ಹಲ್ಲಿನ ಚಕ್ರದ, ಹಲ್ಲಿನ ಬುಡದಲ್ಲಿ ಕೂರದೆ ಮೇಲೇರಿ ಓಡುತ್ತದೆ. ಹಲ್ಲುಗಳು ಸವೆದು ಕುಡುಗೋಲಿನ ತುದಿಯಂತೆ ಬಾಗುತ್ತವೆ. ಆ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಾಗಾಗಿ ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೆ ಬರಬೇಕು.

ಸವೆದಿದೆಯೋ ಇಲ್ಲವೋ ನೋಡುವುದು ಸುಲಭ. ಕವರ್ ಬಿಚ್ಚಿ, ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಚೈನನ್ನು ಬೆರಳಿಂದ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಮುಗಿಯಿತು. ಅಳತೆ ಬೇಕೆಂದರೆ, 428 ನಂಬರಿನ ಚೈನನ್ನು ಬಿಗಿಯಾಗಿ ಹಿಡಿದು 21 ಪಿನ್ನು ಎಣಿಸಿ. ಮೊದಲಿನದರ ನಡುವಿನಿಂದ ಕೊನೆಯದರ ನಡುವಿನವರೆಗೆ ಹೊಸದಾದರೆ 254 ಮಿ.ಮೀ. ಅದು 259 ಮುಟ್ಟಿದ್ದರೆ ಇನ್ನು ಓಡಿಸಬೇಡಿ.

ಎಂಜಿನ್ ಆರಿದ ಮೇಲೆ ಗಾಡಿಯನ್ನು ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಗೇರ್ ಲಿವರ್ ತೆಗೆಯುವ ಮೊದಲು ಗಾಡಿಯನ್ನು ಗೇರಿಗೆ ಹಾಕಿಡಿ, ಲಿವರ್ ಕೂತ ಜಾಗಕ್ಕೊಂದು ಗುರುತು ಮಾಡಿ. ಎಂಜಿನ್ ಪಕ್ಕದ ಕವರ್ ತೆಗೆದರೆ ಮುಂದಿನ ಸ್ಪ್ರಾಕೆಟ್ ಕಾಣುತ್ತದೆ. ಚೈನ್ ಇರುವಾಗಲೇ ಅದರ ಬೋಲ್ಟ್ ಸಡಿಲಿಸಿ. ಗಾಡಿ ಗೇರಿನಲ್ಲಿರಲಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಚೈನ್ ತೆಗೆದ ಮೇಲೆ ಸ್ಪ್ರಾಕೆಟ್ ಸುಮ್ನೆ ತಿರುಗುತ್ತದೆ, ಬೋಲ್ಟ್ ಬಿಡುವುದಿಲ್ಲ.

ನಂತರ ಚೈನಿನ ಎರಡು ತುದಿ ಕೂಡಿಸುವ ಲಾಕ್ ಬಿಚ್ಚಿ, ಚೈನ್ ತೆಗೆದು ಮುಂದಿನ ಸ್ಪ್ರಾಕೆಟ್ ಬದಲಿಸಿ. ಹಿಂದಿನ ಗಾಲಿ ಬಿಚ್ಚಿ ಅದರ ಸ್ಪ್ರಾಕೆಟ್ಟನ್ನೂ ಬದಲಿಸಿ. ನಟ್‌ಗಳನ್ನು ಎದುರುಬದುರಾಗಿ ಬಿಗಿಯಬೇಕು, ಮಡಚುವ ಲಾಕ್ ಪ್ಲೇಟ್ ಇದ್ದರೆ ಮರಳಿ ಮಡಚಬೇಕು. ಗಾಲಿ ಕೈಯಲ್ಲಿರುವಾಗಲೇ ಅದರ ನಡುಭಾಗದ ಹಬ್ (hub) ಒಳಗಿನ ರಬ್ಬರ್ ನೋಡಿ. ಸಡಿಲಾಗಿದ್ದರೆ ಅದನ್ನೂ ಹಾಕಿಸಿ. ಹೊಸ ಚೈನ್ ಹಳೆಯದಕ್ಕಿಂತ ಗಿಡ್ಡ ಇರುತ್ತದೆ, ಆದ್ದರಿಂದ ಚೈನಿನ ಬಿಗಿ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿ ಗಾಲಿಯನ್ನು ಮುಂದಕ್ಕೆ ತಳ್ಳಿಟ್ಟುಕೊಳ್ಳಿ.

ಇನ್ನು ಲಾಕ್. ಬೆರಳ ತುದಿಯಷ್ಟು ತಗಡು, ಆದರೆ ಇಡೀ ಕೆಲಸದ ಜೀವ ಅದರಲ್ಲಿದೆ. ನೋಡಲು ಮೀನಿನ ಹಾಗೆ: ಒಂದು ತುದಿ ದುಂಡಗೆ ಮುಚ್ಚಿದೆ, ಇನ್ನೊಂದು ಬಾಲದಂತೆ ಸೀಳಿದೆ. ಚೈನ್ ಓಡುವ ಕಡೆಗೆ ದುಂಡಗಿನ ತಲೆ ಇರಬೇಕು. ಚೈನಿನ ಮೇಲಿನ ಸಾಲಿನಲ್ಲಿ ಹಾಕುವುದಾದರೆ ತಲೆ ಎಂಜಿನ್ ಕಡೆಗೆ, ಬಾಲ ಹಿಂದಕ್ಕೆ. ನನ್ನ ಗಾಡಿಗೆ ಒಮ್ಮೆ ಇದನ್ನು ಉಲ್ಟಾ ಕೂರಿಸಿಬಿಟ್ಟಿದ್ದರು. ಮುಳಗುಂದ ರಸ್ತೆಯಲ್ಲಿ ಲಾಕ್ ಹಾರಿತು, ಚೈನ್ ಕಳಚಿ ಬಿತ್ತು. ಹಿಂದೆ ಮಗಳು ಕೂತಿದ್ದಳು. ಅವತ್ತಿನಿಂದ ಯಾರೇ ಹಾಕಲಿ, ಲಾಕನ್ನು ನಾನೇ ಬಗ್ಗಿ ನೋಡುತ್ತೇನೆ. ಹಳೆಯ ಲಾಕ್ ಮತ್ತೆ ಹಾಕಲೇಬೇಡಿ. ದೊಡ್ಡ ಬೈಕುಗಳಲ್ಲಿ ಲಾಕ್ ಬದಲು ರಿವೆಟ್ ಇದ್ದರೆ ಮೆಕ್ಯಾನಿಕ್ ಕೈಗೆ ಕೊಡುವುದೇ ಸರಿ.

ಈಗ ಚೈನಿನ ಬಿಗಿ ನೋಡಲು ಕೆಳಸಾಲಿನ ಚೈನನ್ನು ನಡುವೆ ಹಿಡಿದು ಮೇಲೆ ಕೆಳಗೆ ಆಡಿಸಿ. ಹೆಚ್ಚಿನ ಚಿಕ್ಕ ಬೈಕುಗಳಿಗೆ 20ರಿಂದ 30 ಮಿ.ಮೀ. ಆಡಿದರೆ ಸರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಗಾಲಿ ತಿರುಗಿಸುತ್ತಾ ಅತಿ ಬಿಗಿಯಾಗುವ ಕಡೆ ಅಳೆಯಬೇಕು. ಎರಡೂ ಬದಿಯ ಅಡ್ಜಸ್ಟರ್ ಗೆರೆಗಳು ಒಂದೇ ಜಾಗದಲ್ಲಿರಲಿ, ಇಲ್ಲದಿದ್ದರೆ ಗಾಲಿ ಸೊಟ್ಟಗಾಗುತ್ತದೆ. ಆಕ್ಸಲ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಅಳತೆ ಬದಲಾಗುವುದುಂಟು. ಗಾಲಿ ಸರಿದಿರುವುದರಿಂದ ಹಿಂದಿನ ಡ್ರಮ್ ಬ್ರೇಕನ್ನೂ ಹೊಂದಿಸಲೇಬೇಕು. ಇದನ್ನು ಮರೆತು ರಸ್ತೆಗಿಳಿಯಬೇಡಿ.

ಕೊನೆಗೆ 90 ನಂಬರಿನ ಗೇರ್ ಆಯಿಲ್ ಹಚ್ಚಿ. ಎಂಜಿನ್ ಬಂದ್ ಇರಲಿ, ಗಾಲಿಯನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಎಣ್ಣೆ ಬಿಡಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಓ-ರಿಂಗ್ ಚೈನಾದರೆ, ಅಂದರೆ ಕೊಂಡಿಗಳಲ್ಲಿ ರಬ್ಬರ್ ಉಂಗುರವಿದ್ದರೆ, ತೊಳೆಯಲು ಪೆಟ್ರೋಲ್ ಬಳಸಬೇಡಿ, ಸೀಮೆಎಣ್ಣೆ ಸಾಕು. 500 ಕಿ.ಮೀ. ಓಡಿದ ಮೇಲೆ ಮತ್ತೆ ಅಳತೆ ನೋಡಿ, ಎಣ್ಣೆ ಬಿಡಿ. ಎರೆಹೊಲದಿಂದ ಬಂದ ದಿನ ಮಾತ್ರ ಅಷ್ಟು ದೂರ ಕಾಯಬೇಡಿ, ಮಣ್ಣು ಒಣಗುವ ಮೊದಲೇ ತೊಳೆದುಬಿಡಿ.