ಮಲೆನಾಡಿನ ಮಳೆಗೆ ಬಾಳುವ ಅಡುಗೆಮನೆ: ಹೊಸ ವಿನ್ಯಾಸಗಳಲ್ಲಿ ಯಾವುದು ಹಾಕಿಸಬೇಕು, ಯಾವುದು ಬೇಡ

ಹ್ಯಾಂಡಲ್ ಇಲ್ಲದ ಬಾಗಿಲು, ಸೂರಿನವರೆಗೆ ಏರಿದ ಕಪಾಟು, ಹಾಲ್‌ಗೆ ತೆರೆದುಕೊಂಡ ಅಡುಗೆಮನೆ, ಗಾಢ ಬಣ್ಣದ ಮ್ಯಾಟ್ ಫಿನಿಶ್. ಕ್ಯಾಟಲಾಗ್‌ಗಳಲ್ಲಿ ಈಗ ಕಾಣುವುದು ಇವೇ, ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಿಮನೆಗಳಿಗೂ ಬಂದಿವೆ. ಇವು ಹೆಚ್ಚಿನವು ಒಣಹವೆಯ ಊರಿನ ಫ್ಲ್ಯಾಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸಗಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಹಾಗಾಗಿ ಒಂದೇ ಜಿಲ್ಲೆಯೊಳಗೂ ಒಂದೇ ಅಡುಗೆಮನೆ ಎಲ್ಲರಿಗೂ ಹೊಂದುವುದಿಲ್ಲ. ಬಣ್ಣ, ಬಾಗಿಲು ಆಮೇಲೆ ಆರಿಸಬಹುದು. ಗೋಡೆ ಮತ್ತು ನೆಲದ ಥಂಡಿ ಕಪಾಟಿಗೆ ಏರದಂತೆ ಮಾಡುವುದು ಮೊದಲ ಕೆಲಸ.

ಗೋಡೆ ಪರೀಕ್ಷೆ

ಎರಡಡಿ ಉದ್ದ, ಎರಡಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಹನಿ ಕಟ್ಟಿದ್ದರೆ ಥಂಡಿ ಗೋಡೆಯಿಂದಲೇ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನ್‌ನಿಂದ ಸರಿಹೋಗುತ್ತದೆ. ಗೋಡೆಯ ಥಂಡಿಗೆ ಒಳಗಿನಿಂದ ಪೇಂಟ್ ಬಳಿದು ಪ್ರಯೋಜನವಿಲ್ಲ, ಒಂದೆರಡು ಮಳೆಗಾಲದಲ್ಲಿ ಪದರ ಕಿತ್ತು ಬರುತ್ತದೆ. ಹೊರಗಿನ ಗಿಲಾವು, ಬಿರುಕು, ಸಜ್ಜಾ, ಸೂರಿನ ನೀರು ಬೀಳುವ ಜಾಗ ಸರಿಮಾಡಿಸಬೇಕು. ಜಂಬಿಟ್ಟಿಗೆ ಗೋಡೆ ನೀರನ್ನು ಚೆನ್ನಾಗಿ ಹೀರುತ್ತದೆ, ಹೊರಗೆ ಗಿಲಾವಿಲ್ಲದ ಗೋಡೆಗೆ ಮರದ ಕಪಾಟು ತಾಗಿಸಲೇಬಾರದು.

ಹೊಸ ಮನೆಯಾದರೆ ಗಿಲಾವು ಮುಗಿದ ಮೇಲೆ ಒಂದು ಬೇಸಿಗೆ ಕಳೆಯಲಿ. ಕಪಾಟು ಕೂರಿಸಲು ಜನವರಿಯಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು. ಗೃಹಪ್ರವೇಶದ ಅವಸರಕ್ಕೆ ಜುಲೈನಲ್ಲಿ ಕೂರಿಸಿದ ಪ್ಲೈವುಡ್ ಅಷ್ಟೂ ತೇವವನ್ನು ಲ್ಯಾಮಿನೇಟಿನೊಳಗೆ ಮುಚ್ಚಿಕೊಂಡೇ ಕೂರುತ್ತದೆ.

ಕೆಳಗಿನ ಕಪಾಟು: ಕಲ್ಲೋ, ಪ್ಲೈವುಡ್ಡೋ

ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮ ಭಾಗಕ್ಕೆ ನಮ್ಮ ಸ್ಪಷ್ಟ ಸಲಹೆ ಕಲ್ಲಿನದು. ಪೆಟ್ಟಿಗೆಯ ಅಡ್ಡಗೋಡೆಗಳು ಕಡಪ ಅಥವಾ ಗ್ರಾನೈಟ್, ಬಾಗಿಲು ಮಾತ್ರ ಮರದ್ದು. ನೀರಿಗೆ, ಗೆದ್ದಲಿಗೆ, ಇಲಿಗೆ ಮೂರಕ್ಕೂ ಇದು ಉತ್ತರ. ಮುಂದೆ ಬಾಗಿಲಿನ ಮಾದರಿ ಹಳತಾದರೂ ಬಾಗಿಲಷ್ಟೇ ಬದಲಿಸಿದರೆ ಮುಗಿಯಿತು.

ಕೆಲಸದ ಕ್ರಮ ಹೀಗೆ. ನೆಲದಿಂದ ನಾಲ್ಕಿಂಚು ಎತ್ತರದ ಕಟ್ಟೆ ಕಟ್ಟಿ, ಅದನ್ನು ಮುಂಭಾಗದಿಂದ ಮೂರಿಂಚು ಒಳಗೆ ಸರಿಸಿ, ನಿಂತು ಕೆಲಸ ಮಾಡುವವರ ಪಾದಕ್ಕೆ ಜಾಗ ಬೇಕು. ಅದರ ಮೇಲೆ 20 ಮಿ.ಮೀ. ಗ್ರಾನೈಟ್ ಹಾಸಿ. ಅಡ್ಡಗೋಡೆಯ ಕಲ್ಲನ್ನು ಗೋಡೆಯಲ್ಲಿ ಒಂದಿಂಚು ಆಳ ಗೀರು ಕೊರೆದು ಕೂರಿಸಿ. ಎರಡು ಕಲ್ಲುಗಳ ನಡುವೆ ಮೂರಡಿಗಿಂತ ಹೆಚ್ಚು ಅಂತರ ಬೇಡ. ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲೇ: ಮೇಸ್ತ್ರಿ ಕಲ್ಲನ್ನು ಕಣ್ಣಂದಾಜಿನಲ್ಲಿ ನಿಲ್ಲಿಸುತ್ತಾರೆ, ಮುಂದೆ 18 ಇಂಚು ಇದ್ದದ್ದು ಹಿಂದೆ ಹದಿನೇಳೂವರೆ ಆಗುತ್ತದೆ, ಡ್ರಾಯರ್ ಒಳಗೆ ಹೋಗುವುದೇ ಇಲ್ಲ. ಮುಂದಿನ, ಹಿಂದಿನ ಅಗಲದ ವ್ಯತ್ಯಾಸ 3 ಮಿ.ಮೀ. ಮೀರಬಾರದು. ಆದ್ದರಿಂದ ಸ್ಟೀಲ್ ಬಾಸ್ಕೆಟ್‌ಗಳನ್ನು ಮೊದಲು ಕೊಂಡು ತಂದು, ಆಮೇಲೆ ಕಲ್ಲಿನ ಅಳತೆ ಕೊಡಿ. ಬಾಸ್ಕೆಟ್ ಅಗಲಕ್ಕೆ ಡ್ರಾಯರ್ ಜಾರುವ ಹಳಿಗೆ, ಅಂದರೆ ಟೆಲಿಸ್ಕೋಪಿಕ್ ಚಾನೆಲ್‌ಗೆಂದು ಎರಡೂ ಬದಿ ಅರ್ಧರ್ಧ ಇಂಚು ಸೇರಿಸಿ. ಚಾನೆಲ್ ನೇರ ಕಲ್ಲಿಗೆ ನಿಲ್ಲುವುದಿಲ್ಲ, ಎರಡೂ ಕಡೆ 12 ಮಿ.ಮೀ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಪಟ್ಟಿ ಬೇಕಾಗುತ್ತದೆ, ಅದಕ್ಕೆ ಇನ್ನೊಂದು ಇಂಚು. ಅಂದರೆ 17 ಇಂಚಿನ ಬಾಸ್ಕೆಟ್‌ಗೆ ಕಲ್ಲುಗಳ ನಡುವೆ 19 ಇಂಚು. ಬಾಗಿಲಿನ ಹಿಂಜ್‌ಗೆ ಅಲ್ಯೂಮಿನಿಯಂ ಫ್ರೇಮ್ ಕಟ್ಟಿಸಿ.

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಪ್ಲೈವುಡ್ ಪೆಟ್ಟಿಗೆ ನಡೆಯುತ್ತದೆ, ಆದರೆ ದರ್ಜೆ ನೋಡಿ ಕೊಳ್ಳಿ. ‘ಎಂಆರ್’ ಎಂದು ಬರೆದದ್ದು ತೇವದ ಗಾಳಿಯನ್ನಷ್ಟೇ ತಡೆಯುತ್ತದೆ, ನೀರನ್ನಲ್ಲ. ಅಡುಗೆಮನೆಗೆ ಐಎಸ್ 710 ಗುರುತಿನ ಬಿಡಬ್ಲ್ಯುಪಿ ಪ್ಲೈ, 18 ಮಿ.ಮೀ. ದಪ್ಪ. ಈ ದರ್ಜೆಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಬಿಡದಿರಬೇಕು ಎಂಬುದು ಮಾನದಂಡ. ಪ್ರತಿ ಹಲಗೆಯ ಮೇಲೂ ಐಎಸ್‌ಐ ಮುದ್ರೆ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಿ, ಕತ್ತರಿಸಿದ ಮೇಲೆ ಗೊತ್ತಾಗುವುದಿಲ್ಲ. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್ ಯಾವ ಊರಿನಲ್ಲೂ ಸಿಂಕ್ ಕೆಳಗೆ ಬೇಡ. ಒಮ್ಮೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಹೊಳೆಯುವ ಅಕ್ರಿಲಿಕ್ ಬಾಗಿಲುಗಳ ಒಳಗೆ ಬಹಳ ಸಲ ಎಂಡಿಎಫ್ ಇರುತ್ತದೆ, ಕೇಳಿಯೇ ಕೊಳ್ಳಬೇಕು.

ಬಡಗಿಗೆ ಇವಿಷ್ಟು ಮೊದಲೇ ಹೇಳಿಡಿ: ಹಲಗೆಯ ಎರಡೂ ಮುಖಕ್ಕೆ ಲ್ಯಾಮಿನೇಟ್ (ಒಂದೇ ಕಡೆ ಹಚ್ಚಿದರೆ ಬಾಗಿಲು ಬಾಗುತ್ತದೆ), ನಾಲ್ಕೂ ಅಂಚಿಗೆ, ಕಣ್ಣಿಗೆ ಬೀಳದ ಕೆಳಗಿನ ಅಂಚಿಗೂ, ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ), ನೀರಿಗೆ ಬಿಡದ ಅಂಟು, 304 ದರ್ಜೆಯ ಸ್ಟೀಲ್ ಹಿಂಜ್ ಮತ್ತು ಸ್ಕ್ರೂ. ಪೈಪಿಗಾಗಿ ಕೊರೆದ ತೂತಿನ ಒಳಮೈಗೆ ಸಿಲಿಕಾನ್ ಬಳಿಯುವುದನ್ನು ಹೆಚ್ಚಿನವರು ಮರೆಯುತ್ತಾರೆ. ಪ್ಲೈ ಕೊಳೆಯಲು ಶುರುವಾಗುವುದು ಅಲ್ಲಿಂದ. ಕಪಾಟು ನಾಲ್ಕಿಂಚಿನ ಪಿವಿಸಿ ಕಾಲಿನ ಮೇಲೆ ನಿಲ್ಲಲಿ, ಮುಂದಿನ ಸ್ಕರ್ಟಿಂಗ್ ಪಟ್ಟಿ ಕೈಯಲ್ಲಿ ಕಿತ್ತು ತೆಗೆಯುವಂತಿರಲಿ, ಗೆದ್ದಲಿನ ಮಣ್ಣುಗೆರೆ ಎದ್ದಿದೆಯೇ ಎಂದು ಬಗ್ಗಿ ನೋಡಲು. ಹಳೆಯ ಮನೆಯಾದರೆ ಕಪಾಟು ಬರುವ ಮೊದಲೇ ಗೋಡೆ ಮತ್ತು ನೆಲ ಸೇರುವಲ್ಲಿ ಅಡಿಗೊಂದು ತೂತು ಕೊರೆಸಿ ಗೆದ್ದಲಿನ ಔಷಧಿ ಹಾಕಿಸಿ.

ಸ್ವಂತ ತೋಟದ ಹಲಸಿನ ಹಲಗೆ ಇದ್ದರೆ ಬಾಗಿಲಿಗೆ ಬಹಳ ಚೆಂದ. ಒಂದಿಂಚಿನ ಹಲಗೆ ನೆರಳಲ್ಲಿ, ನಡುವೆ ರೀಪು ಇಟ್ಟು ಪೇರಿಸಿ, ಒಂದು ವರ್ಷವಾದರೂ ಒಣಗಿರಬೇಕು. ಬಾಗಿಲುಗಳ ನಡುವೆ 3 ಮಿ.ಮೀ. ಸಂದು ಬಿಡಿ, ಮಳೆಗಾಲದಲ್ಲಿ ಅದು ತುಂಬಿಕೊಳ್ಳುತ್ತದೆ.

ಮೇಲಿನ ಕಪಾಟು

ಸೂರಿನವರೆಗೆ ಕಪಾಟು ಏರಿಸುವ ಮಾದರಿ ಧೂಳು ತಡೆಯಲು ಒಳ್ಳೆಯದು, ಆದರೆ ಅದನ್ನು ಒಳಗೋಡೆಗೆ ಮಾತ್ರ ಹಾಕಿಸಿ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಆ ಕಡೆಯ ಗೋಡೆಗೆ ಕಪಾಟು ಅಂಟಿಸಿದರೆ ಹಿಂಬದಿಯಲ್ಲಿ ಬೂಷ್ಟು ಖಂಡಿತ. ಅಲ್ಲಿ ಕಿಟಕಿ ಇರಲಿ, ಕೆಳಗೆ ಒಂದು ತೆರೆದ ಕಲ್ಲಿನ ಶೆಲ್ಫ್ ಸಾಕು. ಒಳಗೋಡೆಯಲ್ಲೂ ಹ್ಯಾಂಗಿಂಗ್ ರೈಲ್ (ಕಪಾಟು ತೂಗುಹಾಕುವ ಲೋಹದ ಪಟ್ಟಿ) ಹಾಕಿ ಅರ್ಧ ಇಂಚಾದರೂ ಹಿಂದೆ ಗಾಳಿ ಆಡಲು ಬಿಡಿ.

ಎತ್ತರದ ಪ್ಯಾಂಟ್ರಿ ಕಪಾಟು ಬೇಕೆನ್ನುವವರು ಅದರೊಳಗೆ ಇಡುವುದು ಏನು ಎಂದು ಯೋಚಿಸಿ: ಹಪ್ಪಳ, ಸಂಡಿಗೆ, ಜೋನಿಬೆಲ್ಲದ ಡಬ್ಬ, ಅಪ್ಪೆಮಿಡಿ ಭರಣಿ. ಥಂಡಿ ಕಟ್ಟಿದರೆ ಎಲ್ಲವೂ ಕೆಡುವಂಥವು. ಬಾಗಿಲಿಗೆ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಇರಲಿ, ಇಲ್ಲವೇ ಮೇಲೆ ಕೆಳಗೆ ಸ್ಟೀಲ್ ಜಾಲರಿಯ ಕಿಂಡಿ ಇರಲಿ. ಭರಣಿಯ ತಟ್ಟು ಕೆಳಗಿರಲಿ, ಆ ಶೆಲ್ಫ್ ಕಲ್ಲಿನದಾದರೆ ಭಾರವೂ ತಡೆಯುತ್ತದೆ, ಉಪ್ಪುನೀರೂ ತಿನ್ನುವುದಿಲ್ಲ.

ಗಾಢ ಮ್ಯಾಟ್ ಬಣ್ಣಗಳ ಮೇಲೆ ಬೂಷ್ಟಿನ ಬಿಳಿಚುಕ್ಕೆ ದೂರದಿಂದಲೇ ಕಾಣುತ್ತದೆ, ತಿಳಿ ಬೂದು, ತಿಳಿ ಹಸಿರು ವಾಸಿ. ಒತ್ತಿದರೆ ತೆರೆಯುವ ಬಾಗಿಲು ಬೇಡ, ಒಂದೆರಡು ಮಿ.ಮೀ. ಉಬ್ಬಿದರೂ ಅದು ಕೈಕೊಡುತ್ತದೆ. ಅಲ್ಯೂಮಿನಿಯಂ ಪ್ರೊಫೈಲ್ ಹ್ಯಾಂಡಲ್ ತೊಂದರೆಯಿಲ್ಲ.

ಕಟ್ಟೆ, ಒಲೆ, ಗ್ಯಾಸ್

ಅಡುಗೆ ಮಾಡುವವರು ಕೈ ಮಡಚಿ ನಿಂತಾಗ ಮೊಣಕೈ ಇರುವ ಎತ್ತರದಿಂದ ಐದಿಂಚು ಕಳೆಯಿರಿ, ಅದು ಕಟ್ಟೆಯ ಎತ್ತರ. ಐದಡಿ ಎರಡಿಂಚಿನವರಿಗೆ ಸುಮಾರು 33 ಇಂಚು ಬರುತ್ತದೆ. ಮೇಲಿಡುವ ಸ್ಟೌ ಆದರೆ ಅಷ್ಟು ಜಾಗದಲ್ಲಿ ಕಟ್ಟೆಯನ್ನು ನಾಲ್ಕಿಂಚು ತಗ್ಗಿಸಿ. ಹಾಬ್ (ಕಟ್ಟೆಯೊಳಗೆ ಕೂರುವ ಒಲೆ) ಹುಗಿಸುವುದಾದರೆ ತಗ್ಗಿಸಬೇಡಿ, ಅದಕ್ಕಾಗಿ ಕಲ್ಲಿನಲ್ಲಿ ಕೊರೆದ ಕಿಂಡಿಯ ಮೂಲೆಗಳನ್ನು ದುಂಡಗೆ ಮಾಡಿಸಿ. ಚೂಪು ಮೂಲೆಯಿಂದಲೇ ಗ್ರಾನೈಟ್ ಸೀಳುತ್ತದೆ. ಕ್ವಾರ್ಟ್ಜ್ ಹಾಕಿಸಿದರೆ ಒಲೆಯಿಂದಿಳಿಸಿದ ಬಾಣಲೆಯನ್ನು ನೇರ ಇಡುವಂತಿಲ್ಲ, ಅದರೊಳಗಿನ ರಾಳಕ್ಕೆ ಬಿಸಿ ತಡೆಯದು. ನಮ್ಮ ಕಡೆಯ ಅಡುಗೆಗೆ ಕಪ್ಪು ಗ್ರಾನೈಟೇ ಸರಿ. ಟೈಲ್ಸ್ ಸಂದಿಗೆ ಎಪಾಕ್ಸಿ ತುಂಬಿಸಿ, ಸಿಮೆಂಟ್ ಸಂದು ಕಪ್ಪಾಗುತ್ತದೆ.

ಗೋಬರ್ ಗ್ಯಾಸ್ ಇರುವ ಮನೆಗಳು ಗಮನಿಸಿ: ಅದರ ಒತ್ತಡ ಕಡಿಮೆ, ಬರ್ನರ್‌ನ ಜೆಟ್ (ಗ್ಯಾಸ್ ಹೊರಬರುವ ತೂತು) ದೊಡ್ಡದಿರಬೇಕು. ಪೇಟೆಯ ಗಾಜಿನ ಹಾಬ್ ಅದಕ್ಕೆ ಉರಿಯುವುದಿಲ್ಲ. ಅದರದೇ ಒಲೆಗೆ ಬೇರೆ ಜಾಗ, ಬೇರೆ ಪೈಪ್ ಇಡಿಸಿ. ಇಂಡಕ್ಷನ್ ಒಲೆಗೆ 16 ಆಂಪಿಯರ್ ಸಾಕೆಟ್, 4 ಚದರ ಮಿ.ಮೀ. ತಂತಿ ಎಳೆಸಿಡಿ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಅದನ್ನೇ ಮುಖ್ಯ ಒಲೆ ಮಾಡಿಕೊಳ್ಳಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಕಪಾಟಿನ ಬುಡದಲ್ಲಿ ಹೊರಗೆ ತೆರೆಯುವ ಕಿಂಡಿ ಇರಲೇಬೇಕು.

ತೆರೆದ ಅಡುಗೆಮನೆ, ಚಿಮಣಿ, ಹಿತ್ತಲ ಕಡೆ

ಪೂರ್ತಿ ತೆರೆದ ಅಡುಗೆಮನೆಯಿಂದ ಒಗ್ಗರಣೆಯ ಘಾಟಿನ ಜೊತೆ ಅನ್ನ ಬೇಯುವ ಹಬೆಯೂ ಹಾಲ್‌ಗೆ ಬರುತ್ತದೆ, ಮೊದಲೇ ಒದ್ದೆ ಇರುವ ಮನೆಗೆ ಅದು ಬೇಡದ ತೇವ. ಜಾರುವ ಗಾಜಿನ ಬಾಗಿಲು ಹಾಕಿಸಿದರೆ ಬೆಳಕೂ ಸಿಗುತ್ತದೆ, ಹಬೆಯೂ ನಿಲ್ಲುತ್ತದೆ.

ಚಿಮಣಿ ಒಲೆಯಿಂದ 26ರಿಂದ 30 ಇಂಚು ಮೇಲಿರಲಿ. ಆರಿಂಚಿನ ಪೈಪ್, ಎರಡಕ್ಕಿಂತ ಹೆಚ್ಚು ತಿರುವು ಬೇಡ. ಹೆಂಚಿನ ಮಾಡಿನ ಮೂಲಕ ಪೈಪ್ ತೆಗೆದರೆ ಅದೇ ಸೋರುವ ಜಾಗವಾಗುತ್ತದೆ, ಪಕ್ಕದ ಗೋಡೆಯಿಂದ ಹೊರಗೆ ತೆಗೆಯಿರಿ. ಪೈಪ್ ಹೊರಮುಖವಾಗಿ ಸ್ವಲ್ಪ ಇಳಿಜಾರಿರಲಿ, ತುದಿ ಕೆಳಮುಖವಾಗಿ ಬಾಗಿರಲಿ, ತೆಗೆದು ತೊಳೆಯುವಂಥ ಜಾಲರಿ ಇರಲಿ. ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟಿ ದಾರಿ ಮುಚ್ಚುತ್ತದೆ. ಪಕ್ಕದ ಕೋಣೆಯಲ್ಲಿ ಸೌದೆ ಒಲೆ ಉರಿಯುತ್ತಿರುವಾಗ ಚಿಮಣಿ ಹಾಕಿದರೆ ಆ ಹೊಗೆಯನ್ನೂ ಒಳಗೆಳೆಯುತ್ತದೆ, ಆಗ ಅಡುಗೆಮನೆಯ ಕಿಟಕಿ ತೆರೆದು ನಡುವಿನ ಬಾಗಿಲು ಹಾಕಿ.

‘ವೆಟ್ ಕಿಚನ್’ ಎಂದು ಈಗ ಮಾರುತ್ತಿರುವುದು ಇಲ್ಲಿನ ಹಿತ್ತಲ ಕಡೆಯ ಜಾಗವೇ. ಇದಕ್ಕೆ ಹಣ ಹಾಕಿ, ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದು. ಐದಡಿ ಅಗಲ, ಮಳೆ ಎರಚಲು ತಡೆಯಲು ಮೂರು ನಾಲ್ಕಡಿ ಚಾಚಿದ ಮಾಡು, ಜಾರದ ಟೈಲ್ಸ್, ಹತ್ತಡಿಗೆ ಒಂದೂವರೆ ಇಂಚು ಇಳಿಜಾರು. ಹಲಸಿನ ಹಪ್ಪಳಕ್ಕೆ, ಕಡುಬಿಗೆ ದೊಡ್ಡ ಪಾತ್ರೆ ಇಡುವ ಒಲೆಗೆ 18 ಇಂಚಿನ ತಗ್ಗು ಕಟ್ಟೆ, ಗ್ರೈಂಡರಿಗೆ 24 ಇಂಚಿನದು. ಮೆಟ್ಟುಗತ್ತಿ ಹಿಡಿದು ಕೂರಲು ಮೂರಡಿ ಚದರ ಒಣ ನೆಲ ಬಿಡಿ.

ಮೊದಲ ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾದರೆ ಹೆರೆಸಬೇಡಿ, ಫೆಬ್ರವರಿಗೆ ಅಷ್ಟೇ ಅಗಲದ ಸಂದು ಬೀಳುತ್ತದೆ. ಹಿಂಜ್‌ನ ಮುಂದಿನ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಬಲಕ್ಕೆ, ಹಿಂದಿನದರಿಂದ ಒಳಗೆ ಹೊರಗೆ ಸರಿಯುತ್ತದೆ. ಅಷ್ಟರಲ್ಲಿ ಹೊಂದದಿದ್ದರೆ ಮಾತ್ರ ನವೆಂಬರ್‌ನಲ್ಲಿ ಬಡಗಿಯನ್ನು ಕರೆಯಿರಿ.