ಸಮತಟ್ಟು ರಸ್ತೆಯಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿದ್ದ ಅಂಬಾಸಿಡರ್

ಪೂರ್ತಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಬಂದು ಹೋಗುವ ಕರೆಂಟಿನ ತೊಂದರೆ ಇದೆಯಲ್ಲ, ಅದು ಜೀವ ತಿನ್ನುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತುವ ಹೊತ್ತಿಗೆ ಎಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತಿರುತ್ತದೆ.

ನನ್ನದು 1974ರ ಮಾರ್ಕ್ 2 ಅಂಬಾಸಿಡರ್. 1489 ಸಿ.ಸಿ. ಪೆಟ್ರೋಲ್ ಎಂಜಿನ್, ಪಾಯಿಂಟ್ ಮತ್ತು ಕಂಡೆನ್ಸರ್ ಇರುವ ಹಳೇ ಇಗ್ನಿಷನ್ (ಪೆಟ್ರೋಲ್ ಹೊತ್ತಿಸುವ ಕಿಡಿಯ ವ್ಯವಸ್ಥೆ). ಪಾಯಿಂಟ್ ಅಂದರೆ ಕಾಯಿಲ್‌ನ ಕರೆಂಟನ್ನು ಬಿಟ್ಟು ಬಿಟ್ಟು ಕಡಿಯುವ ಸಣ್ಣ ಸ್ವಿಚ್. ಅದು ತೆರೆದಾಗಲೆಲ್ಲ ಕಾಯಿಲ್ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟಿಸುತ್ತದೆ. ಕಂಡೆನ್ಸರ್ ಪಾಯಿಂಟ್ ಸುಡದಂತೆ ನೋಡಿಕೊಳ್ಳುತ್ತದೆ. ಮೈಸೂರು ದಾಟಿ ನಂಜನಗೂಡಿನ ಕಡೆ ಟಾಪ್ ಗೇರ್‌ನಲ್ಲಿ 50-60ರಲ್ಲಿ ಆರಾಮಾಗಿ ಹೋಗುತ್ತಿರುವಾಗ ಎಂಜಿನ್ ಇದ್ದಕ್ಕಿದ್ದಂತೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ನಡುನಡುವೆ ಪೆಟ್ರೋಲ್ ಹೊತ್ತದೆ ಮುಗ್ಗರಿಸುತ್ತಿತ್ತು. ಕೆಲವೊಮ್ಮೆ ಕ್ಷಣಮಾತ್ರ ಪೂರ್ತಿ ಆಫ್ ಆಗಿ, ಕಾರು ಒಮ್ಮೆ ಜಗ್ಗಿ, ಮತ್ತೆ ಹಿಡಿದುಕೊಳ್ಳುತ್ತಿತ್ತು. ಒಂದು ಗ್ಯಾರೇಜ್‌ನಲ್ಲಿ ಪ್ಲಗ್, ಪಾಯಿಂಟ್, ಕಂಡೆನ್ಸರ್, ಕೊನೆಗೆ ಕಾಯಿಲ್ ಕೂಡ ಹೊಸದು ಹಾಕಿ ಕೊಟ್ಟರು. ದುಡ್ಡು ಹೋಯಿತು, ಮಿಸ್ಸಿಂಗ್ ಹೋಗಲಿಲ್ಲ. ಆಮೇಲೆ ನಾನೇ ಕೂತು ಹುಡುಕಲು ಶುರು ಮಾಡಿದೆ.

ಮೊದಲು ಕೈಗೆ ತಗೊಂಡದ್ದು ನೋಟ್‌ಬುಕ್. ಯಾವ ಪಾರ್ಟ್ ಕೆಟ್ಟಿರಬಹುದು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಯಾವಾಗ ಬರುತ್ತೆ, ಯಾವಾಗ ಬರಲ್ಲ ಅಂತ ಬರೆಯುತ್ತಾ ಹೋದೆ. ಹೀಗೆ ಬಂದು ಹೋಗುವ ತೊಂದರೆಗೆ ಇದಕ್ಕಿಂತ ಒಳ್ಳೇ ಉಪಕರಣ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಎಂಜಿನ್ ಬಿಸಿಯಾದ ಮೇಲಷ್ಟೇ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ. ಮಳೆ, ಮಂಜಿನಲ್ಲಿ ಬಂದರೆ ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಕೂತಿರುವ, ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಕ್ಯಾಪ್‌ನ ಬಿರುಕು ಅಥವಾ ಪ್ಲಗ್ ವೈರ್‌ಗಳು. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಕಿಡಿ ಸೋರುವುದು ಕಣ್ಣಿಗೇ ಕಾಣುತ್ತದೆ. ಹಳ್ಳ ಹತ್ತಿಳಿದಾಗ ಬಂದರೆ ಎಲ್ಲೋ ಲೂಸ್ ಕಾಂಟ್ಯಾಕ್ಟ್. ಪೆಟ್ರೋಲ್ ಸಾಲದೆ ಹೋದರೆ ಎಂಜಿನ್ ನಿಧಾನವಾಗಿ ಸೊರಗುತ್ತದೆ. ಕರೆಂಟ್ ಹೋದರೆ ಕೀ ತಿರುಗಿಸಿದ ಹಾಗೆ ಪಟ್ ಅಂತ ನಿಲ್ಲುತ್ತದೆ. ನನ್ನದು ಪಟ್ ಅಂತ ನಿಲ್ಲುವ ಜಾತಿ.

ನೋಟ್‌ಬುಕ್‌ನಲ್ಲಿ ಕಂಡದ್ದು ವಿಚಿತ್ರವಾಗಿತ್ತು. ಬಿಸಿಗೂ ತಂಪಿಗೂ ವ್ಯತ್ಯಾಸವಿಲ್ಲ. ಮಳೆಗೂ ಸಂಬಂಧವಿಲ್ಲ. ನಿಂತಲ್ಲಿ ಐಡಲ್ ಬಿಟ್ಟರೆ ಎಷ್ಟು ಹೊತ್ತಾದರೂ ಸರಿ. ಚಾಮುಂಡಿ ಬೆಟ್ಟವನ್ನು ಆಕ್ಸಿಲರೇಟರ್ ಒತ್ತಿ ಹಿಡಿದು ಹತ್ತಿಸಿದರೆ ಒಂದು ಮಿಸ್ಸಿಂಗ್ ಇಲ್ಲ. ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಹೋದಾಗ ಮಾತ್ರ ಬರುತ್ತದೆ. ಎಂಜಿನ್ ಕಷ್ಟಪಡುವಾಗ ಸರಿ ಇದ್ದು, ಸುಖವಾಗಿರುವಾಗ ಕೆಡುತ್ತದೆ ಅಂದರೆ ಏನರ್ಥ?

ಅದನ್ನು ಯೋಚಿಸುತ್ತಲೇ ಮೊದಲು ಸಪ್ಲೈ ನೋಡೋಣ ಅಂದುಕೊಂಡೆ. ಕಾಯಿಲ್‌ಗೆ ಇಗ್ನಿಷನ್ ಸ್ವಿಚ್‌ನಿಂದ ಬರುವ ಬಿಳಿ ವೈರ್‌ನ ಟರ್ಮಿನಲ್‌ಗೆ ಇನ್ನೊಂದು ವೈರ್ ಕಟ್ಟಿ, ಫ್ಯೂಸ್ ಹಾಕಿ, ಡ್ಯಾಶ್‌ಬೋರ್ಡ್‌ವರೆಗೆ ಎಳೆದು ಒಂದು ಸಣ್ಣ ಬಲ್ಬ್ ತೂಗುಹಾಕಿದೆ. ಬಲ್ಬಿನ ಇನ್ನೊಂದು ತುದಿ ಕಾರಿನ ಬಾಡಿಯ ಲೋಹಕ್ಕೆ. ಮಗಳು ಪಕ್ಕದ ಸೀಟಿನಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ಕಾರು ಜಗ್ಗಿದಾಗ ಕೇಳಿದೆ. "ಇಲ್ಲಪ್ಪ, ಲೈಟ್ ಉರೀತಾನೇ ಇದೆ, ಅಲ್ಲಾಡ್ಲೇ ಇಲ್ಲ" ಅಂದಳು. ಒಂದೇ ಬಲ್ಬಿನಿಂದ ಬ್ಯಾಟರಿ, ಇಗ್ನಿಷನ್ ಸ್ವಿಚ್, ಅಲ್ಲಿಂದ ಕಾಯಿಲ್‌ವರೆಗಿನ ವೈರಿಂಗ್ ಎಲ್ಲವೂ ಅನುಮಾನದಿಂದ ಹೊರಬಿದ್ದವು. ಉಳಿದದ್ದು ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರ್. ಕಾಯಿಲ್ ಹೊಸದು. ಮೀಟರ್ ಇಟ್ಟು ನೋಡಿದರೆ ಪ್ರೈಮರಿ (ಕಾಯಿಲ್‌ನೊಳಗೆ ಬ್ಯಾಟರಿ ಕರೆಂಟ್ ಹರಿಯುವ ಸುತ್ತು) ಸುಮಾರು 3 ಓಮ್, ಇರಬೇಕಾದಷ್ಟೇ.

ಬಣ್ಣದ ಬಗ್ಗೆ ಒಂದು ಮಾತು. ಈ ಕಾರಿನ ವೈರಿಂಗ್ ಅನುಸರಿಸುವ ಲೂಕಾಸ್ (ಬ್ರಿಟಿಷ್ ಕಂಪನಿ) ಪದ್ಧತಿಯಲ್ಲಿ ಕಂದು ವೈರ್‌ನಲ್ಲಿ ಯಾವಾಗಲೂ ಬ್ಯಾಟರಿ ಕರೆಂಟ್ ಇರುತ್ತದೆ. ಬಿಳಿ, ಕೀ ತಿರುಗಿಸಿದ ಮೇಲೆ ಬರುವುದು. ಹಸಿರು, ಅದೇ ಕರೆಂಟ್ ಫ್ಯೂಸ್ ದಾಟಿ ಬಂದದ್ದು. ಕಪ್ಪು ಅರ್ಥ್, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು ಬಿಳಿಯ ಮೇಲೆ ಕಪ್ಪು ಗೆರೆ. ಆದರೆ ಐವತ್ತು ವರ್ಷದ ಕಾರಿನಲ್ಲಿ ಯಾರ್ಯಾರೋ ಕೈಗೆ ಸಿಕ್ಕ ವೈರ್ ಹಾಕಿರುತ್ತಾರೆ. ಹಾಗಾಗಿ ಬಣ್ಣ ನೋಡಿ ನಂಬದೆ, ಪ್ರತಿ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿಕೊಂಡೆ.

ಈಗ ಆ ಸುಖದ ಪ್ರಶ್ನೆಗೆ ಬರೋಣ. ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ತಟ್ಟೆಯಂಥ ಒಂದು ಡಬ್ಬಿ ಇರುತ್ತದೆ, ಕಾರ್ಬುರೇಟರ್‌ನಿಂದ ಅದಕ್ಕೊಂದು ಸಪೂರ ಪೈಪ್ ಬರುತ್ತದೆ. ಅದು ವ್ಯಾಕ್ಯೂಮ್ ಅಡ್ವಾನ್ಸ್, ಎಂಜಿನ್ನಿನ ಗಾಳಿಯ ಎಳೆತದಿಂದ ಕಿಡಿಯನ್ನು ಸ್ವಲ್ಪ ಮುಂಚೆ ಬರಿಸುವ ಸಾಧನ. ಐಡಲ್‌ನಲ್ಲಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಆ ಪೈಪಿನ ರಂಧ್ರವನ್ನು ಮುಚ್ಚಿರುತ್ತದೆ, ಹಾಗಾಗಿ ಎಳೆತ ಇಲ್ಲ. ಪೂರ್ತಿ ಒತ್ತಿದರೆ ವ್ಯಾಕ್ಯೂಮೇ ಬಿದ್ದುಹೋಗುತ್ತದೆ, ಆಗಲೂ ಎಳೆತ ಇಲ್ಲ. ಸ್ವಲ್ಪ ಥ್ರಾಟಲ್‌ನಲ್ಲಿ ಸಮತಟ್ಟಾಗಿ ಹೋಗುವಾಗಲೇ ಎಳೆತ ಜಾಸ್ತಿ. ಆಗ ಡಬ್ಬಿಯೊಳಗಿನ ಡಯಾಫ್ರಮ್ (ತೆಳು ಪರದೆ), ಪಾಯಿಂಟ್ ಕೂತಿರುವ ಪ್ಲೇಟನ್ನು ಒಂದಿಷ್ಟು ತಿರುಗಿಸುತ್ತದೆ. ಪ್ಲೇಟ್ ತಿರುಗಿದರೆ ಅದಕ್ಕೆ ಕಟ್ಟಿದ ವೈರ್ ಕೂಡ ಪ್ರತಿ ಸಲ ಬಾಗಿ ಎಳೆಯಲ್ಪಡುತ್ತದೆ. ನೋಟ್‌ಬುಕ್‌ನಲ್ಲಿ ಬರೆದಿದ್ದ ಎಲ್ಲವೂ ಇದಕ್ಕೆ ಹೊಂದಿಕೊಂಡಿತು.

ಪರೀಕ್ಷೆ ಮಾಡುವುದೂ ಸುಲಭ. ಪೈಪ್ ಬಿಚ್ಚಿ, ಕಾರ್ಬುರೇಟರ್ ಕಡೆಯ ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿ ಅದೇ ನಂಜನಗೂಡು ರಸ್ತೆಗೆ ಹೋದೆ. ಪಿಕಪ್ ಸ್ವಲ್ಪ ಮಂದವಾಯಿತು, ಆದರೆ ಮಿಸ್ಸಿಂಗ್ ಇಲ್ಲವೇ ಇಲ್ಲ.

ಮನೆಗೆ ಬಂದು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದೆ. ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿದೆ. ಇಲ್ಲಿ ಜಾಗ್ರತೆ ಬೇಕು: ಮುಚ್ಚಿರುವ ಅವಧಿಯ ನಡುಮಧ್ಯದಲ್ಲಿ ನಿಲ್ಲಿಸಬೇಕು. ಅಂಚಿನಲ್ಲಿ ನಿಲ್ಲಿಸಿದರೆ ಪ್ಲೇಟ್ ತಿರುಗಿದಾಗ ಪಾಯಿಂಟೇ ತೆರೆದುಕೊಂಡು ನಮ್ಮ ದಿಕ್ಕು ತಪ್ಪಿಸುತ್ತದೆ. ಆಮೇಲೆ ಕೀ ಆನ್ ಮಾಡಿ, ಬಿಳಿ-ಕಪ್ಪು ವೈರ್ ಇರುವ ಕಾಯಿಲ್ ಟರ್ಮಿನಲ್‌ಗೂ ಕಾರಿನ ಬಾಡಿಯ ಲೋಹಕ್ಕೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದೆ. ಪಾಯಿಂಟ್ ಮುಚ್ಚಿದೆ, ಕರೆಂಟೆಲ್ಲ ಅದರ ಮೂಲಕ ಅರ್ಥ್‌ಗೆ ಹೋಗುತ್ತಿದೆ, ಲ್ಯಾಂಪ್ ಉರಿಯುವುದಿಲ್ಲ. ಡಬ್ಬಿಗೆ ಒಂದು ತುಂಡು ರಬ್ಬರ್ ಟ್ಯೂಬ್ ಹಾಕಿ ಬಾಯಿಂದ ಎಳೆದೆ. ಪ್ಲೇಟ್ ತಿರುಗಿತು, ಪಾಯಿಂಟ್ ಮುಚ್ಚಿಯೇ ಇತ್ತು, ಲ್ಯಾಂಪ್ ಝಗ್ ಅಂತ ಹತ್ತಿತು. ಬಿಟ್ಟೆ, ಆರಿತು. ಮತ್ತೆ ಎಳೆದೆ, ಹತ್ತಿತು. ಇಷ್ಟು ಕಾಡಿದ ತೊಂದರೆ ಈಗ ಕರೆದಾಗ ಬರುತ್ತಿತ್ತು. ಆ ಖುಷಿಯನ್ನು ಹೇಗೆ ಹೇಳಲಿ!

ಈ ಕೆಲಸಕ್ಕೆ ಕೀಯನ್ನು ಹೆಚ್ಚು ಹೊತ್ತು ಆನ್ ಇಡಬೇಡಿ. ಎಂಜಿನ್ ನಿಂತು ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ನೆ ಬಿಸಿಯಾಗುತ್ತಾ ಹೋಗುತ್ತದೆ. ಇನ್ನೊಂದು, ಬಾಯಿಂದ ಎಳೆದು ಟ್ಯೂಬಿಗೆ ನಾಲಿಗೆ ಒತ್ತಿ ಹಿಡಿದರೆ ಪ್ಲೇಟ್ ಹಾಗೇ ನಿಲ್ಲಬೇಕು. ವಾಪಸ್ ಬಂದರೆ ಡಯಾಫ್ರಮ್ ಹರಿದಿದೆ ಎಂದರ್ಥ.

ಹೊರಗಿನ ಟರ್ಮಿನಲ್‌ನಿಂದ ಪಾಯಿಂಟ್‌ಗೆ ಹೋಗುವ ಆ ವೈರ್ ಬೆರಳುದ್ದವೂ ಇಲ್ಲ. ಹೊದಿಕೆ ಚೆನ್ನಾಗಿಯೇ ಇತ್ತು, ಎಲ್ಲೂ ಸುಟ್ಟ ಗುರುತಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮಧ್ಯದಲ್ಲೊಂದು ಜಾಗ ಮಾತ್ರ ರಬ್ಬರ್ ಬ್ಯಾಂಡಿನಂತೆ ಹಿಗ್ಗಿತು. ಒಳಗೆ ತಾಮ್ರ ಇದ್ದರೆ ಹಿಗ್ಗುವುದಿಲ್ಲ, ಅಲ್ವಾ? ಸೀಳಿ ನೋಡಿದೆ. ಎಳೆಗಳೆಲ್ಲ ತುಂಡಾಗಿ, ತುದಿಗಳು ಒಂದಕ್ಕೊಂದು ತಾಗಿಕೊಂಡಿದ್ದವು ಅಷ್ಟೇ. ಹಾಗಾಗಿಯೇ ನಿಂತಲ್ಲಿ ಮೀಟರ್ ಇಟ್ಟರೆ ಎಲ್ಲ ಸರಿ ಅಂತ ತೋರಿಸುತ್ತಿತ್ತು.

ಇಲ್ಲಿಗೆ ಮನೆ ವೈರಿಂಗ್‌ನ ತುಂಡು ಹಾಕಿದರೆ ಬಾಳಿಕೆ ಬರಲ್ಲ. ಕೂದಲಿನಷ್ಟು ಸಣ್ಣ ಎಳೆಗಳು ಬಹಳ ಇರುವ ಮೆತ್ತನೆ ವೈರ್ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಜೊತೆಗೆ ತಿರುಗುವ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್‌ನ ಹೊರಮೈಗೆ ಬರುವ ಸಣ್ಣ ಅರ್ಥ್ ವೈರನ್ನೂ ಬದಲಾಯಿಸಿದೆ. ಅದೂ ಅಷ್ಟೇ ಬಾಗಿರುತ್ತದೆ, ಅದು ತುಂಡಾದರೂ ಇದೇ ಕಾಟ. ವೈರ್ ಪ್ಲೇಟಿಗೆ ಉಜ್ಜದಂತೆ, ಎರಡೂ ತುದಿಗೆ ಪ್ಲೇಟ್ ತಿರುಗಿದರೂ ಬಿಗಿಯಾಗದಂತೆ ಕೂರಿಸಿ, ಪಾಯಿಂಟ್ ಗ್ಯಾಪ್ 0.015 ಇಂಚಿಗೆ ಇಟ್ಟು ಪೈಪ್ ಮತ್ತೆ ಹಾಕಿದೆ.

ಇದೇ ಕಾರಿನಲ್ಲಿ ಇನ್ನೊಂದು ತೊಂದರೆ ಇತ್ತು. ಬ್ರೇಕ್ ಒತ್ತಿದರೆ ಒಂದು ಬದಿಯ ಹಿಂದಿನ ಲೈಟೆಲ್ಲ ಮಂಕಾಗುತ್ತಿತ್ತು, ಅದೂ ಒಮ್ಮೊಮ್ಮೆ. ಇದು ಬಹುತೇಕ ಅರ್ಥ್‌ನ ಲಕ್ಷಣ. ಬಲ್ಬ್ ಹೋಲ್ಡರ್‌ಗೆ ಅರ್ಥ್ ಸರಿ ಸಿಗದಿದ್ದರೆ ಕರೆಂಟ್ ಪಕ್ಕದ ಫಿಲಮೆಂಟ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಇಲ್ಲಿ ಬರೀ ವೋಲ್ಟ್ ನೋಡಿದರೆ ಮೋಸ ಹೋಗುತ್ತೀರಿ. ಲೋಡ್ ಇಲ್ಲದಾಗ ತುಕ್ಕಿನ ಮೂಲಕವೂ ಮೀಟರ್‌ಗೆ ಪೂರ್ತಿ 12 ವೋಲ್ಟ್ ಬರುತ್ತದೆ. 21 ವ್ಯಾಟ್ ಬಲ್ಬ್ ಉರಿಯುವಾಗ ಸುಮಾರು 1.75 ಆಂಪ್ ಹರಿಯಬೇಕು, ಆಗಲೇ ತುಕ್ಕು ಸಿಕ್ಕಿಬೀಳುವುದು. ಹಾಗಾಗಿ ಬ್ರೇಕ್ ಒತ್ತಿ ಹಿಡಿಸಿ, ಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ, ಇನ್ನೊಂದನ್ನು ಬಲ್ಬ್ ಹೋಲ್ಡರ್‌ನ ಲೋಹಕ್ಕೆ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದದ್ದು 2 ವೋಲ್ಟ್‌ಗಿಂತ ಮೇಲೆ ತೋರಿಸಿತು. ಲೈಟ್ ಕೂರುವ ಸ್ಕ್ರೂ ಕೆಳಗೆ ಬರೀ ಬಣ್ಣ ಮತ್ತು ತುಕ್ಕು. ಎಮರಿ ಪೇಪರ್‌ನಿಂದ ಹೊಳೆಯುವ ಲೋಹ ಬರುವವರೆಗೆ ಉಜ್ಜಿ, ಮೇಲೆ ವ್ಯಾಸಲೀನ್ ಹಚ್ಚಿದೆ. ಸ್ಕ್ರೂ ಒಂದನ್ನೇ ನಂಬಬಾರದು ಅಂತ ಹೋಲ್ಡರ್‌ನಿಂದ ಡಿಕ್ಕಿಯೊಳಗಿನ ಬೋಲ್ಟ್‌ಗೆ ಪ್ರತ್ಯೇಕ ಕಪ್ಪು ವೈರ್ ಎಳೆದೆ. ಎರಡೂ ಬದಿಗೆ.