ಬೆರಳು ಒತ್ತಿದರೂ ಗೈರುಹಾಜರಿ: ಸರಿ ಮಾಡಿದ್ದು ಹೀಗೆ

ಮಳೆಗಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಕರೆಂಟ್ ಕತೆ ಗೊತ್ತಲ್ವಾ? ಶಾಲೆಯ ಬೆರಳಚ್ಚು ಮೆಷಿನ್ ದಿನವೂ ‘ಥ್ಯಾಂಕ್ ಯೂ’ ಅನ್ನುತ್ತಿತ್ತು. ತಿಂಗಳ ವರದಿಯಲ್ಲಿ ಮಾತ್ರ ಶಿಕ್ಷಕರೆಲ್ಲ ಗೈರು! ಎಲ್ಲರೂ ನೆಟ್‌ವರ್ಕನ್ನೇ ಬೈದರು, ಪಾಪ.

ಪರದೆ ನೋಡಿದರೆ ದಿನಾಂಕ 1-1-2000. ಕರೆಂಟ್ ಹೋದಾಗ ಒಳಗಿನ ಗಡಿಯಾರ ನಡೆಸುವ ಬಟನ್ ಸೆಲ್ ಸತ್ತಿತ್ತು. ಹಾಜರಿಯೆಲ್ಲ ಆ ಹಳೇ ದಿನಾಂಕಕ್ಕೆ ಬಿದ್ದಿತ್ತು.

ಮೊದಲು ದಾಖಲೆಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ ಸಿಆರ್ 2032 ಸೆಲ್ ಹಾಕಿದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. (ಕೆಲವು ಮೆಷಿನ್‌ಗಳಲ್ಲಿ ಸೆಲ್‌ಗೆ ಬೆಸುಗೆ ಹಾಕಿರುತ್ತಾರೆ, ಸುಮ್ನೆ ಕೀಳಬೇಡಿ, ರಿಪೇರಿಯವರಿಗೆ ಕೊಡಿ.) ಪ್ಲಗ್ ಹಾಕಿ ಸಮಯ ಸರಿಮಾಡಿ, ಪರೀಕ್ಷೆಗೆ ಮತ್ತೆ ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. ಗಡಿಯಾರ ನಡೆಯುತ್ತಲೇ ಇತ್ತು.

ತಪ್ಪಿಹೋದ ದಿನಗಳನ್ನು ಹೆಡ್‌ಮೇಷ್ಟ್ರು ಹಾಜರಿ ಪುಸ್ತಕದ ಸಹಿ ನೋಡಿ ತಿದ್ದಿಸಿದರು.